ಸಮುದ್ರದ ಅಗಳುಗಳು

ಕೋಟೆಗೋಡೆಯ ಹೊರಗೆ, ಅದನ್ನೇ ಅನುಸರಿಸಿ ಸಾಗುವ ಆಳವಾದ ತೋಡಿಗೆ ಕನ್ನಡದಲ್ಲಿ ಅಗಳು ಅಥವಾ ಕಂದಕವೆಂದು ಹೆಸರು. ಸಾಗರತಳದ ಅತ್ಯಂತ ಆಳವಾದ ತಗ್ಗುಗಳಿಗೂ ಈ ಹೆಸರು ಚೆನ್ನಾಗಿ ಒಪ್ಪುತ್ತದೆ. ಸಮುದ್ರವು ನಡುವೆ ಆಳವಾಗಿಯೂ ಅಂಚಿನಲ್ಲಿ ತೆಳುವಾಗಿಯೂ ಇರುವುದೆಂಬ ಭಾವನೆ ಸಹಜವಾದುದು. ಆದರೆ ಅದು ಪೂರ್ಣವಾಗಿ ನಿಜವಲ್ಲ. ಸಾಗರಗಳ ಸರಾಸರಿ ಆಳವು ಸುಮಾರು 3,700 ಮೀಟರು. ಅದರ ಎರಡು ಮೂರು ಪಟ್ಟು ಆಳವುಳ್ಳ ಸ್ಥಳಗಳು ಬಹುಮಟ್ಟಿಗೆ ದ್ವೀಪಮಾಲೆಗಳ ಅಥವಾ ಕರಾವಳಿಯ ಪರ್ವತಗಳ ಹೊರಮಗ್ಗುಲಲ್ಲಿಯೇ ಇವೆ. ಪೆಸಿಫಿಕ್ ಸಾಗರದ ಮರಿಯಾನಾ ಅಗಳಿನಲ್ಲಿ 1875ರಲ್ಲಿ ಚಾಲೆಂಜರ್ ಹಡಗಿನವರು ಹಗ್ಗವನ್ನಿಳಿಸಿ 8,184 ಮೀಟರು ಆಳವನ್ನು ಕಂಡರು. ಅದರ ಪರಮಾವಧಿಯು ಸುಮಾರು 10,900 ಮೀಟರೆಂದು ಮುಂದೆ ಗೊತ್ತಾಯಿತು.

ಹಿಂದೂ ಮಹಾಸಾಗರದಲ್ಲಿ ಸುಮಾತ್ರಾ ಮತ್ತು ಜಾವಾ ದ್ವೀಪಗಳ ಹೊರಗೆ ಇಂತಹುದೇ ಒಂದು ಅಗಳಿದೆ. ಜಾವಾದ ದಕ್ಷಿಣಕ್ಕೆ ಅದರ ಆಳವು 7,000 ಮೀಟರಿಗೂ ಅಧಿಕ. ಹಾಲೆಂಡಿನ ವೆನಿಂಗ್ ಮೈನೆಸ್ ಎಂಬ ವಿದ್ವಾಂಸನು 1923ರಿಂದ ಜಲಾಂತರ್ಗಾಮಿ ನೌಕೆಗಳಲ್ಲಿ ಲೋಲಕಗಳನ್ನಿಟ್ಟುಕೊಂಡು ಸಂಚರಿಸಿ, ಈ ಅಗಳಿಗೆ ಸಮಾನಾಂತರವಾದ ಪಟ್ಟಿಯೊಂದರಲ್ಲಿ ಗುರುತ್ವಾಕರ್ಷಣೆಯು ಬಹಳ ಕುಂದಿರುವುದನ್ನು ಅಳೆದನು. ಅಲ್ಲಿ ಹಗುರವಾದ ಶಿಲಾರಾಶಿಯಿದ್ದೂ ಅದು ಮೇಲೇಳದಿರಬೇಕಾದರೆ, ಯಾವುದೋ ಬಲವು ಅದನ್ನು ಕೆಳಗೆ ಹಿಡಿದಿರಬೇಕು. ಜಪಾನಿನ ವಾಡಾಟಿಯು, ಅಗಳಿನಿಂದ ಭೂಮಿಯ ಕಡೆಗೆ ಸರಿದಂತೆಲ್ಲ ಭೂಕಂಪಗಳ ಮೂಲವು ಹೆಚ್ಚು ಹೆಚ್ಚು ಆಳಕ್ಕೆ ಇಳಿಯುವುದೆಂದು 1935ರ ವೇಳೆಗೆ ತೋರಿಸಿದನು.

ಇವೆರಡರ ಅರ್ಥವು 1960ರ ದಶಕದಲ್ಲಿ ಸ್ಪಷ್ಟವಾಯಿತು. ಭೂಮಿಯ ಹೊರಪದರವು ಹಲವು ದೊಡ್ಡ ಫಲಕಗಳಾಗಿ ಒಡೆದಿದ್ದು, ಅವು ವರ್ಷಕ್ಕೆ ಕೆಲವು ಸೆಂಟಿಮೀಟರುಗಳಷ್ಟು ಚಲಿಸುತ್ತವೆ. ಹಳೆಯದಾಗಿ ತಣಿದು ಭಾರವಾದ ಸಾಗರಫಲಕವು ಮತ್ತೊಂದರ ಅಡಿಗೆ ಬಾಗಿ ಇಳಿಯುವಲ್ಲಿ ಅಗಳು ಉಂಟಾಗುತ್ತದೆ. ಇಳಿಯುವ ಶಿಲೆಯೊಡನೆ ನೀರೂ ಇಳಿಯುತ್ತದೆ. ಸುಮಾರು 100 ಕಿಲೋಮೀಟರು ಆಳದಲ್ಲಿ ಆ ನೀರು ಮೇಲಿನ ಬಿಸಿ ಶಿಲೆಯನ್ನು ಸೇರಿ, ಅದು ಕರಗುವ ಉಷ್ಣತೆಯನ್ನು ತಗ್ಗಿಸುತ್ತದೆ. ಕರಗಿದ ಶಿಲೆಯು ಮೇಲಕ್ಕೇರಿ ಅಗ್ನಿಪರ್ವತಗಳ ಸಾಲಾಗುವುದು. 1815ರಲ್ಲಿ ಸಿಡಿದ ತಂಬೋರಾ, 1883ರಲ್ಲಿ ಸಿಡಿದ ಕ್ರಕಟೋವ ಇವು ಆ ಸಾಲಿನವೇ. ಕೋಟೆಯೂ ಅಗಳೂ ಒಂದೇ ಕಾರ್ಯದ ಎರಡು ಫಲಗಳು.

ಫಲಕಗಳು ನುಣ್ಣಗೆ ಜಾರುವುದಿಲ್ಲ. ಅವು ಶತಮಾನಗಳ ಕಾಲ ಒಂದಕ್ಕೊಂದು ಕಚ್ಚಿಕೊಂಡಿದ್ದು, ಮೇಲಿನ ಫಲಕದ ಅಂಚು ಬಿಲ್ಲಿನಂತೆ ಬಾಗುತ್ತ ಹೋಗುತ್ತದೆ. 2004ರ ಡಿಸೆಂಬರ್ 26ರಂದು ಸುಮಾತ್ರಾದಿಂದ ಅಂಡಮಾನಿನವರೆಗೆ ಸುಮಾರು 1,300 ಕಿಲೋಮೀಟರು ಉದ್ದಕ್ಕೆ ಆ ಹಿಡಿತವು ಬಿಟ್ಟಿತು. ಚಿಮ್ಮಿದ ತಳವು ಮೇಲಿನ ಜಲರಾಶಿಯನ್ನೆತ್ತಿತು. ಆ ಅಲೆಗಳಿಗೆ ಎರಡು ಲಕ್ಷಕ್ಕೂ ಅಧಿಕ ಜನರು ಬಲಿಯಾದರು. ತಮಿಳುನಾಡಿನ ಕರಾವಳಿಯನ್ನು ಅಲೆಯು ಮುಟ್ಟಲು ಸುಮಾರು ಎರಡು ಗಂಟೆಗಳು ಹಿಡಿದುವು; ಆದರೆ ಆ ಅವಧಿಯಲ್ಲಿ ದಡದವರಿಗೆ ಸುದ್ದಿ ಮುಟ್ಟಿಸುವ ಏರ್ಪಾಡು ಇರಲಿಲ್ಲ. 2007ರಲ್ಲಿ ಹೈದರಾಬಾದಿನಲ್ಲಿ ಎಚ್ಚರಿಕೆಯ ಕೇಂದ್ರವು ಸ್ಥಾಪಿತವಾಯಿತು. ಅಗಳಿನ ಹಿಡಿತವು ಯಾವ ದಿನ ಬಿಡುವುದೆಂದು ಶಾಸ್ತ್ರವು ಮುಂದಾಗಿ ಹೇಳಲಾರದು. ಬಿಟ್ಟ ಬಳಿಕ ಅಲೆಯು ದಡಕ್ಕೆ ಯಾವಾಗ ಬರುವುದೆಂದು ಹೇಳಬಲ್ಲುದು. ಪ್ರಾಣರಕ್ಷಣೆಗೆ ಆಧಾರವಾದುದು ಆ ಸ್ವಲ್ಪ ಕಾಲವೇ.