ಬೆಲೆಯ ಚೀಟಿಯೂ ನಾಲಗೆಯ ಸಾಕ್ಷಿಯೂ

ತಪಸ್ಸುಕಾಲ ಮುಗಿದು, ಪುನರುತ್ಥಾನದ ಹಬ್ಬವೂ ಕಳೆದು, ಮದುವೆಯ ಪ್ರಕಟಣೆಗಳನ್ನು ದೇವಾಲಯದಲ್ಲಿ ಓದುವ ದಿನಗಳು ಮತ್ತೆ ಬಂದಿದ್ದವು. ಒಂದು ಸಂಜೆ ನಮ್ಮ ಧರ್ಮಕೇಂದ್ರದ ಗೃಹಸ್ಥರೊಬ್ಬರು ಗುರುನಿವಾಸಕ್ಕೆ ಬಂದು, ಬಹಳ ಹೊತ್ತು ಅದೂ ಇದೂ ಮಾತನಾಡಿ, ಕೊನೆಗೆ ತಾವು ಬಂದ ಕಾರಣವನ್ನು ಹೇಳಿದರು. ಮಗಳ ಮದುವೆ ನಿಶ್ಚಯವಾಗಿತ್ತು. ಕೇಕ್ ಕತ್ತರಿಸಿದ ಮೇಲೆ ವಧೂವರರಿಗೆ ಶುಭ ಕೋರಿ ಎಲ್ಲರೂ ಒಂದು ಗುಟುಕು ವೈನ್ ಸವಿಯುವ ‘ಟೋಸ್ಟ್’ ಪದ್ಧತಿ ನಮ್ಮವರಲ್ಲಿ ಇದೆಯಷ್ಟೆ. ವರನ ಕಡೆಯವರು ಸ್ಥಿತಿವಂತರು, ಹೊರದೇಶ ಕಂಡವರು. ಅವರ ಮುಂದೆ ಅಗ್ಗದ ವೈನ್ ಇಟ್ಟರೆ ಮಗಳು ತಲೆ ತಗ್ಗಿಸಬೇಕಾದೀತು ಎಂಬುದು ಆ ತಂದೆಯ ಅಳಲು. ಇನ್ನಷ್ಟು ಸಾಲ ಮಾಡಿಯಾದರೂ ವಿದೇಶಿ ವೈನನ್ನೇ ತರಿಸಬೇಕೆಂದಿದ್ದರು. “ಯಾವುದು ಒಳ್ಳೆಯದು ಸ್ವಾಮಿ? ತಮಗೆ ಗೊತ್ತಿರುತ್ತದಲ್ಲ” ಎಂದು ಕೇಳಿದರು.

ನಮಗೆ ಗೊತ್ತಿರಲಿಲ್ಲ. ಪ್ರತಿದಿನ ಪೂಜಾಪಾತ್ರೆಯನ್ನು ಕೈಯಲ್ಲಿ ಹಿಡಿಯುವವರಿಗೆ ದ್ರಾಕ್ಷಾರಸದ ಜ್ಞಾನವೂ ಇರುತ್ತದೆಂಬುದು ಜನರ ನಂಬಿಕೆ. ಆದರೆ 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿಯು ಬಲಿಪೂಜೆಯ ದ್ರಾಕ್ಷಾರಸದಿಂದ ಅಪೇಕ್ಷಿಸುವುದು ಇಷ್ಟೇ: ಅದು ದ್ರಾಕ್ಷಿಯಿಂದಲೇ ಆದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು. ರುಚಿಯ ಹೆಚ್ಚುಗಾರಿಕೆಯ ಮಾತು ಅಲ್ಲಿಲ್ಲ. ನಮ್ಮ ನಾಲಗೆಯೋ, ವರ್ಷಗಳಿಂದ ಅದರ ಸಿಹಿಗೆ ಒಗ್ಗಿಹೋದದ್ದು. ಆದರೂ ಗೊತ್ತಿಲ್ಲವೆನ್ನಲು ನಾಚಿ, “ಹೊರದೇಶದ್ದಾದರೆ ಸಂಶಯಕ್ಕೆ ಎಡೆಯಿರದು” ಎಂದುಬಿಟ್ಟೆವು. ಅವರು ಹೋದ ಮೇಲೆ ಆ ಮಾತು ನಮ್ಮನ್ನು ಚುಚ್ಚತೊಡಗಿತು. ನಾವು ಅರಿಯದ ಸಂಗತಿಯೊಂದರ ಮೇಲೆ, ನಮ್ಮ ಮಾತನ್ನು ನಂಬಿ, ಒಬ್ಬ ತಂದೆ ಸಾಲ ಮಾಡಲಿದ್ದಾರೆ!

ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಗ ಕಲಿತ ಎರಡು ದೃಷ್ಟಾಂತಗಳು ಅಂದು ರಾತ್ರಿ ನೆನಪಿಗೆ ಬಂದವು. ಎರಡೂ ವೈನಿಗೆ ಸಂಬಂಧಿಸಿದವು. ಜರ್ಮನಿಯ ಕಾಂಟ್ 1790ರ ತನ್ನ ಗ್ರಂಥದಲ್ಲಿ ಕ್ಯಾನರಿ ದ್ವೀಪದ ವೈನನ್ನು ಉದಾಹರಿಸುತ್ತಾನೆ. ಅದು ಹಿತವಾಗಿದೆ ಎನ್ನುವವನು ‘ನನಗೆ ಹಿತವಾಗಿದೆ’ ಎಂದಷ್ಟೇ ಹೇಳತಕ್ಕದ್ದು, ಏಕೆಂದರೆ ನಾಲಗೆಯ ಹಿತ ಅವರವರದು ಎಂಬುದು ಆತನ ವಾದ. ಸ್ಕಾಟ್ಲೆಂಡಿನ ಹ್ಯೂಮ್ 1757ರಲ್ಲಿ ಬರೆದ ಪ್ರಬಂಧದಲ್ಲಿ ಡಾನ್ ಕ್ವಿಕ್ಸೋಟ್ ಕಾದಂಬರಿಯ ಪ್ರಸಂಗವೊಂದನ್ನು ಎತ್ತಿಕೊಳ್ಳುತ್ತಾನೆ. ಇಬ್ಬರು ರಸಜ್ಞರು ಒಂದು ಪೀಪಾಯಿಯ ವೈನನ್ನು ಪರೀಕ್ಷಿಸುತ್ತಾರೆ. ವೈನ್ ಒಳ್ಳೆಯದೇ, ಆದರೆ ಚರ್ಮದ ಛಾಯೆ ಇದೆ ಎನ್ನುತ್ತಾನೆ ಒಬ್ಬ. ಕಬ್ಬಿಣದ ಛಾಯೆ ಇದೆ ಎನ್ನುತ್ತಾನೆ ಇನ್ನೊಬ್ಬ. ನೆರೆದವರೆಲ್ಲ ನಗುತ್ತಾರೆ. ಪೀಪಾಯಿ ಬರಿದಾದಾಗ ತಳದಲ್ಲಿ ಸಿಕ್ಕಿದ್ದು ಚರ್ಮದ ಪಟ್ಟಿ ಕಟ್ಟಿದ ಒಂದು ಕಬ್ಬಿಣದ ಬೀಗದಕೈ!

ಇವರಲ್ಲಿ ಯಾರು ಸರಿ? ಇಬ್ಬರೂ ಸರಿಯೆಂದು ನಮಗೆ ತೋರುತ್ತದೆ. ‘ಇಷ್ಟ’ ನಮ್ಮಲ್ಲಿರುವುದು, ‘ಗುಣ’ ವಸ್ತುವಿನಲ್ಲಿರುವುದು. ಇವೆರಡನ್ನೂ ಬೇರೆಬೇರೆಯಾಗಿ ಕಂಡು ನುಡಿಯುವುದೇ ಪ್ರಾಮಾಣಿಕ ತೀರ್ಪು. ಇದನ್ನು ಪುಸ್ತಕದಲ್ಲಿ ಓದಿ ಅರಿಯುವ ಬದಲು ಮೇಜಿನ ಮೇಲೆ ಪರೀಕ್ಷಿಸಿ ನೋಡೋಣವೆಂದು ಮರುದಿನವೇ ಆ ತಂದೆಗೆ ಹೇಳಿ ಕಳುಹಿಸಿದೆವು.

ಐದು ಬಾಟಲಿಗಳನ್ನು ತರಿಸಿದ್ದಾಯಿತು. ಒಂದು, ಬೆಂಗಳೂರು ನೀಲಿ ದ್ರಾಕ್ಷಿಯ ಅಗ್ಗದ ಸಿಹಿ ವೈನ್. ಮೂರು, ಕರ್ನಾಟಕ ಮತ್ತು ನಾಸಿಕ್ ಪ್ರದೇಶಗಳ ಕೆಂಪು ವೈನ್‌ಗಳು, 500ರಿಂದ 800 ರೂಪಾಯಿಗಳ ಒಳಗಿನವು. ಕೊನೆಯದು ವಿದೇಶಿಯದು, ಅವುಗಳಿಗಿಂತ ಎರಡೂವರೆ ಪಟ್ಟು ಬೆಲೆಯದು. ರುಚಿ ನೋಡುವವರೂ ಐವರೇ: ವಧುವಿನ ತಂದೆ, ನಿವೃತ್ತ ಉಪಾಧ್ಯಾಯರೊಬ್ಬರು, ಪ್ರತಿ ಕ್ರಿಸ್ಮಸ್‌ಗೆ ಮನೆಯಲ್ಲೇ ದ್ರಾಕ್ಷಿ ವೈನ್ ಮಾಡುವ ತಾಯಿಯೊಬ್ಬರು, ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ಒಬ್ಬ ತರುಣ, ಮತ್ತು ನಾವು. ಬಾಟಲಿಗಳಿಗೆ ಹಳೆಯ ವೃತ್ತಪತ್ರಿಕೆ ಸುತ್ತಿ, ಸಂಖ್ಯೆ ಬರೆದು, ಒಳಗಿನ ಕೋಣೆಯಲ್ಲೇ ಲೋಟಗಳಿಗೆ ಸುರಿದು ತರುವ ಹೊಣೆಯನ್ನು ಆರನೆಯವರೊಬ್ಬರಿಗೆ ಒಪ್ಪಿಸಿದೆವು. ಅವರು ಕುಡಿತವನ್ನು ಬಿಟ್ಟು ಒಂಬತ್ತು ವರ್ಷಗಳಾಗಿದ್ದವು. ಈ ಕೆಲಸ ನಿಮಗೆ ಕಷ್ಟವಾದೀತೇ ಎಂದು ಮೊದಲೇ ಏಕಾಂತದಲ್ಲಿ ಕೇಳಿದ್ದೆವು. “ನಂಬಿಕೆಯಿಟ್ಟು ಕೊಟ್ಟರೆ ಮಾಡುತ್ತೇನೆ” ಎಂದರು. ಯಾವ ಸಂಖ್ಯೆ ಯಾವ ಬಾಟಲಿಯದೆಂಬುದು ಅವರೊಬ್ಬರಿಗೇ ತಿಳಿದಿತ್ತು.

ರುಚಿ ನೋಡುವ ಕ್ರಮವನ್ನು ಓದುಗರಿಗೂ ಹೇಳುವುದು ಒಳಿತು. ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕುಡಿಯಬೇಕೆಂಬ ಮಾತು ಯೂರೋಪಿನ ತಣ್ಣನೆಯ ಕೋಣೆಗಳಿಗೆ ಸಲ್ಲತಕ್ಕದ್ದು. ಏಪ್ರಿಲ್ ತಿಂಗಳ ಮೈಸೂರಿಗೆ ಅದು ಹೊಂದದು. 16ರಿಂದ 18 ಡಿಗ್ರಿ ಉಚಿತ. ನಮ್ಮ ಬೇಸಗೆಯಲ್ಲಿ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕು. ಬಿಸಿಯಾದ ವೈನಿನಲ್ಲಿ ಮದ್ಯಸಾರದ ಘಾಟೇ ಮುಂದಾಗುತ್ತದೆ. ಲೋಟದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸುರಿಯಬಾರದು. ಬಿಳಿಯ ಕಾಗದದ ಮುಂದೆ ಬಣ್ಣ ನೋಡಬೇಕು. ಎಳೆಯ ವೈನ್ ನೇರಳೆಗೆಂಪು. ಹಳೆಯದಾದಂತೆ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಲೋಟವನ್ನು ಮೆಲ್ಲನೆ ತಿರುಗಿಸಿ ಮೂಸಬೇಕು. ನೆನೆದ ರಟ್ಟಿನ ವಾಸನೆ ಬಂದರೆ ಬಿರಡೆಯಿಂದ ಕೆಟ್ಟಿದೆಯೆಂದೂ, ವಿನಿಗರ್ ವಾಸನೆ ಬಂದರೆ ಹುಳಿತುಹೋಗಿದೆಯೆಂದೂ ತಿಳಿಯಬೇಕು. ಅನಂತರ ಒಂದು ಸಣ್ಣ ಗುಟುಕನ್ನು ಬಾಯಲ್ಲಿ ಸುತ್ತಾಡಿಸಬೇಕು. ವೃತ್ತಿಯ ಪರೀಕ್ಷಕರು ಅದನ್ನು ನುಂಗದೆ ಉಗುಳಿಬಿಡುತ್ತಾರೆ. ನಾವೂ ಒಂದು ಬೋಗುಣಿ ಇಟ್ಟುಕೊಂಡೆವು.

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವುಂಟು. ಸಿಹಿ, ಹುಳಿ, ಉಪ್ಪು, ಕಹಿಗಳನ್ನು ಮೂಲರುಚಿಗಳೆಂದು ಎಣಿಸುವ ಪಾಶ್ಚಾತ್ಯರ ಪಟ್ಟಿಯಲ್ಲಿ ‘ಒಗರು’ ಇಲ್ಲ. ನಮ್ಮ ಷಡ್ರಸಗಳಲ್ಲಿ ಅದಕ್ಕೆ ಸ್ಥಾನವಿದೆ. ಕೆಂಪು ವೈನಿನ ಜೀವಾಳವೇ ಈ ಒಗರು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ ಬರುವ ಟ್ಯಾನಿನ್ ಎಂಬ ಅಂಶ ಜೊಲ್ಲಿನ ಪ್ರೋಟೀನುಗಳೊಡನೆ ಸೇರಿ ಬಾಯಿ ಒಣಗಿದಂತಾಗುತ್ತದೆ. ಎಳೆಯ ಅಡಿಕೆ, ಬಾಳೆಕಾಯಿ, ಗಟ್ಟಿ ಚಹಾ ಸವಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪುಸ್ತಕಗಳು ನಾವು ಕಂಡರಿಯದ ಬ್ಲ್ಯಾಕ್‌ಕರಂಟ್ ಹಣ್ಣಿನ ಪರಿಮಳದ ಮಾತಾಡುತ್ತವೆ. ಆ ತಾಯಿ ಒಂದೇ ಉಸಿರಿಗೆ “ನೇರಳೆ ಹಣ್ಣು, ಮೇಲೆ ಒಂದಿಷ್ಟು ಕಾಳುಮೆಣಸು” ಎಂದರು. ಶಿರಾಜ್ ದ್ರಾಕ್ಷಿಗೆ ಕಾಳುಮೆಣಸಿನ ಪರಿಮಳ ಸಹಜವೇ. ಕ್ಯಾಬರ್ನೆ ದ್ರಾಕ್ಷಿ ಪೂರ್ಣವಾಗಿ ಮಾಗದಿದ್ದರೆ ದಪ್ಪ ಮೆಣಸಿನಕಾಯಿಯ ಹಸಿವಾಸನೆ ಬರುತ್ತದೆ. ಆ ತರುಣ ಅದನ್ನು ಎರಡನೆಯ ಲೋಟದಲ್ಲಿ ಗುರುತಿಸಿದ. ದೇವರಾಜ ಮಾರುಕಟ್ಟೆಯಲ್ಲಿ ರಸಬಾಳೆಯನ್ನು ಮೂಸಿ ಆರಿಸಬಲ್ಲವರು, ಕಾಫಿಯಲ್ಲಿ ಚಿಕೋರಿ ಎಷ್ಟೆಂದು ಒಂದು ಗುಟುಕಿನಲ್ಲಿ ಹೇಳಬಲ್ಲವರು, ವೈನಿನ ಮುಂದೆ ಮಾತ್ರ ಏಕೆ ಬೆದರಬೇಕು?

ಸಿಹಿ, ಹುಳಿ, ಒಗರು, ಮದ್ಯಸಾರದ ಕಾವು, ಇವು ನಾಲ್ಕೂ ಒಂದನ್ನೊಂದು ತುಳಿಯದೆ ನಿಂತಿವೆಯೇ? ನುಂಗಿದ ಮೇಲೆ, ಅಥವಾ ಉಗುಳಿದ ಮೇಲೆ, ಹಣ್ಣಿನ ರುಚಿ ಎಷ್ಟು ಹೊತ್ತು ಉಳಿಯುತ್ತದೆ? ಮಿತವಾದ ಬೆಲೆಯ ವೈನಿಗೆ ಈ ಎರಡು ಪ್ರಶ್ನೆಗಳು ಸಾಕು. ಹತ್ತು ವರ್ಷ ನೆಲಮಾಳಿಗೆಯಲ್ಲಿ ಮಾಗಬಲ್ಲುದೇ ಎಂದು ಅದನ್ನು ಕೇಳುವುದು ನ್ಯಾಯವಲ್ಲ. ಅದು ಹಾಗೆ ಕಾಯಲು ಹುಟ್ಟಿದ್ದೂ ಅಲ್ಲ.

ನಾವೆಲ್ಲರೂ ಮಾತಾಡದೆ, ಬೇರೆಬೇರೆ ಚೀಟಿಗಳಲ್ಲಿ ಬರೆದೆವು. ಮೂರನೆಯ ಸಂಖ್ಯೆಗೆ ಹೆಚ್ಚಿನ ಅಂಕಗಳು ಬಂದವು. ನಮ್ಮ ಚೀಟಿಯಲ್ಲಿ ನಾವು ಒಂದು ಹೆಜ್ಜೆ ಮುಂದೆ ಹೋಗಿ, ‘ಇದೇ ಹೊರದೇಶದ್ದು, ಸಂಶಯವಿಲ್ಲ’ ಎಂದು ಬರೆದಿದ್ದೆವು. ಕಾಗದ ಬಿಚ್ಚಿದಾಗ ಅದು ನಮ್ಮ ಕರ್ನಾಟಕದ್ದೇ, ಆ ಮೂರರಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯದಾಗಿತ್ತು! ವಿದೇಶಿ ಬಾಟಲಿಗೆ ಸಿಕ್ಕಿದ್ದು ನಾಲ್ಕನೆಯ ಸ್ಥಾನ. ಅದರ ಹಣ್ಣಿನ ಪರಿಮಳ ಬಾಡಿ, ಬೇಯಿಸಿದ ಜಾಮಿನಂತಾಗಿತ್ತು. ಅಂಗಡಿಯ ಗಾಜಿನ ಕಪಾಟಿನಲ್ಲಿ ಬಿಸಿಲಿಗೆ ಎಷ್ಟು ಕಾಲ ನಿಂತಿತ್ತೋ! ಒಂದು ಬಾಟಲಿಯಿಂದ ವಿದೇಶಿ ವೈನ್‌ಗಳೆಲ್ಲ ಕೀಳೆಂದು ಸಾಧಿಸಿದಂತಾಗುವುದಿಲ್ಲ. ಆದರೆ ಬೆಲೆಯು ಗುಣದ ಪ್ರಮಾಣಪತ್ರವಲ್ಲವೆಂಬುದು ಮಾತ್ರ ಸ್ಪಷ್ಟವಾಯಿತು. ಭಾರತವು ಆಮದು ವೈನಿನ ಮೇಲೆ ದೀರ್ಘಕಾಲ ಶೇಕಡ 150ರಷ್ಟು ಸುಂಕ ವಿಧಿಸುತ್ತ ಬಂದಿತ್ತು. ಆ ಹಣ ಬಾಟಲಿಯ ಬೆಲೆಯಲ್ಲಿರುತ್ತದೆ, ಬಾಟಲಿಯೊಳಗಲ್ಲ.

ಈ ಮೋಸಕ್ಕೆ ಒಳಗಾದವರು ನಾವೊಬ್ಬರೇ ಅಲ್ಲವೆಂಬುದು ನಮಗೆ ಸ್ವಲ್ಪ ಸಮಾಧಾನ. ಫ್ರಾನ್ಸಿನ ಬೋರ್ಡೋ ನಗರದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ವೈನ್ ಶಾಸ್ತ್ರದ 54 ವಿದ್ಯಾರ್ಥಿಗಳಿಗೆ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಕೊಟ್ಟರು. ಅವರು ಅದರ ಪರಿಮಳವನ್ನು ಕೆಂಪು ವೈನಿನ ಪದಗಳಿಂದಲೇ ಬಣ್ಣಿಸಿದರು. 2008ರಲ್ಲಿ ಅಮೆರಿಕದ ಸಂಶೋಧಕರು ಒಂದೇ ವೈನನ್ನು 10 ಡಾಲರ್ ಮತ್ತು 90 ಡಾಲರ್ ಎಂಬ ಎರಡು ಬೆಲೆ ಹೇಳಿ ಕೊಟ್ಟಾಗ, ಹೆಚ್ಚು ಬೆಲೆಯ ಮಾತು ಕೇಳಿದವರಿಗೆ ಅದು ಹೆಚ್ಚು ರುಚಿಸಿತು. ಮಿದುಳಿನ ಚಿತ್ರಗಳಲ್ಲಿಯೂ ಆ ಸಂತೋಷ ಕಾಣಿಸಿತು. ಅವರು ಸುಳ್ಳಾಡಲಿಲ್ಲ. ಬೆಲೆಯ ಚೀಟಿ ನಾಲಗೆಗಿಂತ ಮೊದಲೇ ಸಾಕ್ಷಿ ನುಡಿದಿತ್ತು, ಅಷ್ಟೇ.

ನಮ್ಮ ನಾಡಿನ ವೈನಿನ ಹಿನ್ನೆಲೆಯನ್ನೂ ಒಂದಿಷ್ಟು ಅರಿಯಬೇಕು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದರಲ್ಲಿ ಅಮೆರಿಕ ಮೂಲದ ದ್ರಾಕ್ಷಿಯ ಅಂಶವಿರುವುದರಿಂದ ಒಂದು ವಿಶಿಷ್ಟವಾದ ಘಮ್ಮೆನ್ನುವ ವಾಸನೆಯುಂಟು. ನಂದಿಬೆಟ್ಟದ ಬಳಿ ಗ್ರೋವರ್ ಸಂಸ್ಥೆಯು ಫ್ರೆಂಚ್ ತಳಿಗಳನ್ನು ಬೆಳೆಸಿ ತನ್ನ ಮೊದಲ ವೈನನ್ನು ಹೊರತಂದದ್ದು 1992ರಲ್ಲಿ. 2007ರಲ್ಲಿ ಕರ್ನಾಟಕ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿದ ಮೇಲೆ ಈ ಉದ್ಯಮಕ್ಕೆ ಬಲ ಬಂದಿತು. ಆದುದರಿಂದ ಮಿತವಾದ ಬೆಲೆಗೆ ಸ್ವಚ್ಛವಾದ ಕೆಂಪು ವೈನ್ ನಮ್ಮಲ್ಲೇ ದೊರೆಯುವುದು ಆಶ್ಚರ್ಯವಲ್ಲ.

ಒಂದು ಭಿನ್ನಾಭಿಪ್ರಾಯ ಕೊನೆಯವರೆಗೂ ಉಳಿಯಿತು. ಆ ತಾಯಿ ಮೊದಲ ಸ್ಥಾನವನ್ನು ಬೆಂಗಳೂರು ನೀಲಿಯ ಸಿಹಿ ವೈನಿಗೇ ಕೊಟ್ಟಿದ್ದರು. ಉಪಾಧ್ಯಾಯರು ಅದರಲ್ಲಿ ಸಕ್ಕರೆ ಉಳಿದೆಲ್ಲವನ್ನೂ ಮುಚ್ಚಿದೆಯೆಂದು ವಾದಿಸಿದರು. “ಇರಬಹುದು ಮೇಷ್ಟ್ರೇ, ಆದರೆ ಇದರಲ್ಲಿ ನಮ್ಮಮ್ಮನ ಮನೆಯ ಕ್ರಿಸ್ಮಸ್ ಇದೆ” ಎಂದರು ಆಕೆ. ದೋಷವನ್ನು ಒಪ್ಪಿಕೊಂಡೂ ಇಷ್ಟವನ್ನು ಬಿಟ್ಟುಕೊಡದ ಈ ಉತ್ತರದಲ್ಲಿ ಹ್ಯೂಮನೂ ಕಾಂಟನೂ ಒಟ್ಟಿಗೆ ಕುಳಿತಿದ್ದಾರೆಂದು ನಮಗೆನಿಸಿತು.

ಕೊಳ್ಳುವವರಿಗೆ ಕೆಲವು ಸೂಚನೆಗಳು: ಬಿಸಿಲಿನಲ್ಲಿ, ದೀಪದ ಶಾಖದಲ್ಲಿ ನಿಂತ ಬಾಟಲಿಯನ್ನು ಬಿಡಿ. ಅಗ್ಗದ ಕೆಂಪು ವೈನಿನಲ್ಲಿ ಈಚಿನ ವರ್ಷದ್ದೇ ಲೇಸು. ತಿರುಪಿನ ಮುಚ್ಚಳ ಕೀಳಲ್ಲ. ಬಿರಡೆಯ ದೋಷ ಅದಕ್ಕೆ ತಗಲುವುದು ಅಪರೂಪ. ಸಕ್ಕರೆ ಅಥವಾ ಮದ್ಯಸಾರ ಸೇರಿಸಿದ್ದೇ ಎಂಬುದನ್ನು ಲೇಬಲಿನಲ್ಲಿ ಓದಿ. ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಮುಗಿಸಿ, ಇಲ್ಲವೇ ಅಡುಗೆಗೆ ಬಳಸಿ. ದೊಡ್ಡ ಸಮಾರಂಭಕ್ಕೆ ಕೊಳ್ಳುವ ಮೊದಲು ಒಂದು ಬಾಟಲಿ ತಂದು, ಕಾಗದ ಸುತ್ತಿ, ನಾಲ್ವರಿಂದ ರುಚಿ ನೋಡಿಸಿ.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾದೀತು. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿತದಿಂದ ಮುರಿದ ಮನೆಗಳ ಬಾಗಿಲನ್ನು ನಾವೂ ತಟ್ಟಿದ್ದೇವೆ. ಅಂದು ಎಲ್ಲರೂ ಹೋದ ಮೇಲೆ, ಅರ್ಧಕ್ಕಿಂತ ಹೆಚ್ಚು ಉಳಿದ ಐದು ಬಾಟಲಿಗಳ ಮುಂದೆ ನಿಂತು ಆ ಆರನೆಯವರು ಹೇಳಿದರು: “ಇಪ್ಪತ್ತು ವರ್ಷ ಕುಡಿದೆ ಸ್ವಾಮಿ. ನೀವು ಇವತ್ತು ನೋಡಿದ ಹಾಗೆ ಒಂದು ದಿನವೂ ರುಚಿ ನೋಡಲಿಲ್ಲ.” ನಮಗೆ ಉತ್ತರ ಹೊಳೆಯಲಿಲ್ಲ. ಇಬ್ಬರೂ ಸೇರಿ ಲೋಟಗಳನ್ನು ತೊಳೆದೆವು.

ಮದುವೆಯಂದು ಆ ತಂದೆ ಮೂರನೆಯ ಸಂಖ್ಯೆಯ ವೈನನ್ನೇ ಇಟ್ಟರು. ಹೊಸ ಸಾಲ ಮಾಡಲಿಲ್ಲ. ಕುಡಿಯದವರಿಗೆಂದು ಅಂಥವೇ ಲೋಟಗಳಲ್ಲಿ ದ್ರಾಕ್ಷಿಯ ಪಾನಕವನ್ನೂ ಇಡಿಸಿದ್ದರು. ವರನ ಚಿಕ್ಕಪ್ಪ ಒಂದು ಗುಟುಕು ಸವಿದು, ಇದು ಎಲ್ಲಿಯದೆಂದು ಕೇಳಿದರು. ತಂದೆ ಧ್ವನಿ ತಗ್ಗಿಸದೆ ಹೇಳಿದರು: “ನಮ್ಮ ಕರ್ನಾಟಕದ್ದೇ. ಐನೂರು ಚಿಲ್ಲರೆ.”