ಚಳಿಗಾಲದಲ್ಲಿ ಸೂರಿನಡಿಯ ಸಸಿ

ಡಿಸೆಂಬರ್-ಜನವರಿಯಲ್ಲಿ ಕಾಫಿ ಬೀಜದ ಪಾತಿ ಮಾಡುವುದನ್ನು ನಮ್ಮ ಸದಸ್ಯರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಬೀಜದ ಮೇಲೆ ನುಣುಪು ಮಣ್ಣು, ಅದರ ಮೇಲೆ ಭತ್ತದ ಹುಲ್ಲು, ಮೇಲೊಂದು ಚಪ್ಪರ. ಸುಮಾರು 45 ದಿನಕ್ಕೆ ಮೊಳಕೆ. ಹುಲ್ಲು ಹೊದಿಸುವುದು ನೆಲದ ಬಿಸುಪು ಮತ್ತು ತೇವ ಆರದಿರಲೆಂದು. ಇಷ್ಟು ತಿಳಿದ ಬೆಳೆಗಾರರೇ ಬಯಲುಸೀಮೆಯ ಜಮೀನಿನಲ್ಲಿ ಟೊಮೇಟೊ, ಮೆಣಸಿನಕಾಯಿ ಸಸಿ ಮಾಡುವಾಗ ಬೀಜವನ್ನು ತೆರೆದ ಪಾತಿಗೆ ಚೆಲ್ಲಿ ದೇವರ ಮೇಲೆ ಭಾರ ಹಾಕುವುದನ್ನು ನಾವು ನೋಡುತ್ತಿದ್ದೇವೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಕಾಫಿಯ ಮಾತಿಲ್ಲ. ಕೊಳವೆ ಬಾವಿಯ ನೀರನ್ನು ನಂಬಿ ಅಡಿಕೆ ಮಾತ್ರ ಆ ಕಡೆಗೂ ಕಾಲಿಟ್ಟಿದೆ. (ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದರೂ ಹವೆ ಬದಲಾಗಲಿಲ್ಲ.) ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಅಡಿಕೆ ಸಸಿ ಕೂರುತ್ತವೆ. ಫಸಲು ಕಣ್ಣಿಗೆ ಬೀಳಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ಮನೆಖರ್ಚು, ಬಾವಿಯ ಸಾಲ ನಡೆಯುವುದು ಸಾಲಿನ ನಡುವೆ ಬೆಳೆದ ತರಕಾರಿ, ಹೂವಿನಿಂದಲೇ. ಆದ್ದರಿಂದ ಸಸಿ ಕೆಟ್ಟರೆ ಕೆಡುವುದು ಬೀಜದ ಹಣವೊಂದೇ ಅಲ್ಲ.

ಯೂರೋಪಿನವರು ಮನೆಯೊಳಗೆ ಬೀಜ ಹಾಕುವುದು ಹೊರಗೆ ಹಿಮ ಬೀಳುತ್ತದೆಂದು. ಬಿಸಿಲು ಸಾಲದೆ ವಿದ್ಯುತ್ ದೀಪವನ್ನೂ ಉರಿಸುತ್ತಾರೆ. ಅವರ ಪುಸ್ತಕ ನಮಗೆ ಪೂರ್ತಿ ಹೊಂದುವುದಿಲ್ಲ. ಈ ಐದು ತಾಲ್ಲೂಕುಗಳಲ್ಲಿ ಚಳಿಗಾಲದ ಹಗಲು 30 ಡಿಗ್ರಿಯ ಆಸುಪಾಸಿನಲ್ಲಿದ್ದು, ರಾತ್ರಿ 14-15ಕ್ಕೆ ಇಳಿಯುವುದುಂಟು. ಈ ಚಳಿಗೆ ಗಿಡ ಸಾಯುವುದಿಲ್ಲ, ಬೀಜ ಮಾತ್ರ ಸೋಮಾರಿಯಾಗುತ್ತದೆ. ಮೆಣಸಿನಕಾಯಿ, ಬದನೆ ಬೀಜಕ್ಕೆ 25ರಿಂದ 30 ಡಿಗ್ರಿ ಬಿಸುಪು ಬೇಕು. ಟೊಮೇಟೊ ಇನ್ನೂ ಸ್ವಲ್ಪ ಕಡಿಮೆಯಲ್ಲಿ ಏಳುತ್ತದೆ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಹೆಚ್ಚು ದಿನ ಮಲಗಿದ ಬೀಜ ಇರುವೆಗೆ, ಬೂಷ್ಟಿಗೆ ಆಹಾರ.

ಎರಡನೆಯ ಶತ್ರು ಬಿಳಿ ನೊಣ. ಟೊಮೇಟೊ ಎಲೆ ಮುರುಟು ರೋಗದ ನಂಜನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಇದೇ. ಜನವರಿಯಲ್ಲಿ ನಾಟಿ ಮಾಡಿದ ಬೆಳೆ ಬೇಸಿಗೆಯಲ್ಲಿ ಬೆಳೆಯುತ್ತದೆ. ನೊಣದ ಕಾಟ ಹೆಚ್ಚುವುದೂ ಆಗಲೇ. ಕಾಯಿ ಕಟ್ಟಿದ ಮೇಲೆ ರೋಗ ಬಂದರೆ ಕೈಗೆ ಒಂದಿಷ್ಟಾದರೂ ಸಿಗುತ್ತದೆ. ಸಸಿಯಲ್ಲೇ ಬಂದರೆ ಗಿಡ ಗಿಡ್ಡಾಗಿ, ಎಲೆ ಮುದುಡಿ, ಫಸಲೇ ಇಲ್ಲವಾಗುತ್ತದೆ. ನಂಜು ಹೊಕ್ಕ ಗಿಡಕ್ಕೆ ಔಷಧಿಯಿಲ್ಲ. ನಮ್ಮ ಅಭಿಪ್ರಾಯದಲ್ಲಿ ಸೂರಿನಡಿ ಸಸಿ ಮಾಡಲು ಚಳಿಗಿಂತ ಇದೇ ದೊಡ್ಡ ಕಾರಣ.

ಕ್ರಮ ಸುಲಭ. 98 ಗುಳಿಯ ಪ್ಲಾಸ್ಟಿಕ್ ಟ್ರೇಗಳಲ್ಲಿ ತೇವ ಮಾಡಿದ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದರಂತೆ ಅರ್ಧ ಸೆಂಟಿಮೀಟರ್ ಆಳಕ್ಕೆ ಬೀಜ ಇಡಬೇಕು. ಟ್ರೇಗೆ ಒಂದೂಕಾಲು ಕಿಲೋ ಪುಡಿ ಹಿಡಿಯುತ್ತದೆ. ಬಳಿಕ ಎಂಟು-ಹತ್ತು ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಪಡಸಾಲೆಯ ಮೂಲೆಯಲ್ಲೋ ಕೊಟ್ಟಿಗೆಯ ಪಕ್ಕದಲ್ಲೋ ಇಡುವುದು. ಮೊಳಕೆ ಕಟ್ಟಲು ರಾಗಿಯನ್ನು ಒದ್ದೆ ಗೋಣಿಯಲ್ಲಿ ಮುಚ್ಚಿಡುವ ಹೆಂಗಸರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಟೊಮೇಟೊಗೆ ಮೂರು-ನಾಲ್ಕು ದಿನ, ಮೆಣಸಿನಕಾಯಿಗೆ ಐದಾರು ದಿನ ಸಾಕು. ಮೂರನೆಯ ದಿನದಿಂದ ಬೆಳಿಗ್ಗೆ-ಸಂಜೆ ಎತ್ತಿ ನೋಡಲೇಬೇಕು. ಮೊಳಕೆ ತಲೆ ಎತ್ತಿದ ದಿನವೇ ಟ್ರೇ ಬೆಳಕಿಗೆ ಬರಬೇಕು. ಒಂದು ದಿನ ತಡವಾದರೂ ಕತ್ತಲಲ್ಲಿ ಸಸಿ ಬಿಳಿಚಿ ದಾರದಂತೆ ಉದ್ದವಾಗುತ್ತದೆ. ಅದು ಆಮೇಲೆ ನೆಟ್ಟಗೆ ನಿಲ್ಲದು.

ಮುಂದಿನ ವಾಸ ಬಲೆಯ ಮನೆಯಲ್ಲಿ. ಇಂಚಿಗೆ 40ರಿಂದ 50 ಕಣ್ಣಿರುವ ನೈಲಾನ್ ಬಲೆಯೇ ಬೇಕು; ನೆರಳಿನ ಹಸಿರು ಬಲೆಯಲ್ಲಿ ಬಿಳಿ ನೊಣ ಸಲೀಸಾಗಿ ನುಸುಳುತ್ತದೆ. ಚೌಕಟ್ಟಿಗೆ ಕಬ್ಬಿಣ ಬೇಡ, ಹಳೆಯ ತೋಟದ ಅಡಿಕೆ ದಬ್ಬೆ ಸಾಕು. ಬಲೆಯ ಅಂಚನ್ನು ಮಣ್ಣಿನಲ್ಲಿ ಹೂಳಬೇಕು. ಬಲೆ ಕಟ್ಟಿ ಬಾಗಿಲು ತೆರೆದಿಡುವವರಿಗೆ ನಾವು ಏನೂ ಹೇಳಲಾರೆವು. ಒಳಗೆ ಬೀಡಿ, ತಂಬಾಕು ಸಲ್ಲದು. ತಂಬಾಕಿನ ನಂಜು ಕೈಯಿಂದಲೇ ಟೊಮೇಟೊ, ಮೆಣಸಿಗೆ ಅಂಟುವುದರಿಂದ ಸೋಪಿನಲ್ಲಿ ಕೈ ತೊಳೆದೇ ಸಸಿ ಮುಟ್ಟಬೇಕು.

ನೀರು ಬೆಳಿಗ್ಗೆ ಮಾತ್ರ. ಸಂಜೆ ನೀರು ಹಾಕಿ, ಮೇಲೆ ಇಬ್ಬನಿಯೂ ಬಿದ್ದರೆ ಬುಡ ಕೊಳೆತು ಸಸಿಗಳು ಸಾಲಾಗಿ ಮಲಗುತ್ತವೆ. ಹಾಗೆ ಕಂಡ ಕೂಡಲೇ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕರಗಿಸಿ ಬುಡಕ್ಕೆ ಸುರಿಯಬೇಕು. ಕೊಳವೆ ಬಾವಿಯ ನೀರು ಉಪ್ಪಾಗಿದ್ದರೆ ಎಲೆಯಂಚು ಸುಡುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನು ಸಸಿಗೆ ಮೀಸಲಿಡಿ.

ತಳಿಯ ವಿಷಯದಲ್ಲಿ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮತ್ತು ಅರ್ಕಾ ಸಾಮ್ರಾಟ್ ಟೊಮೇಟೊ ಎಲೆ ಮುರುಟನ್ನು ತಡೆದುಕೊಳ್ಳುತ್ತವೆ. ಆದರೂ ಬಲೆ ಬಿಡಬಾರದು. ಈರುಳ್ಳಿಗೆ ಟ್ರೇ ದಂಡ. ಒಂದು ಮೀಟರ್ ಅಗಲ, ಗೇಣುದ್ದ ಎತ್ತರದ ಮಡಿಯಲ್ಲಿ ಅದು ಚಳಿಗೂ ಏಳುತ್ತದೆ.

ಇನ್ನು ಹೂವು. ಹಡಗಲಿಯ ಹೆಸರಿನಲ್ಲೇ ಹೂವಿದೆ. ಆದರೆ ಅಲ್ಲಿನ ಮಲ್ಲಿಗೆ ಕಡ್ಡಿಯಿಂದ ಬರುವಂಥದು, ಈ ಲೆಕ್ಕಕ್ಕೆ ಸೇರದು. ಬೀಜದಿಂದ ಬರುವ ಚೆಂಡು ಹೂವಿನಲ್ಲಿ ತಿಥಿ ನೋಡಿ ಬಿತ್ತುವವರಿಗೆ ಲಾಭ. ಮೈಲಾರದ ಕಾರಣಿಕ, ಕೊಟ್ಟೂರು ಗುರುಬಸವೇಶ್ವರನ ತೇರು ಎರಡೂ ಮಾಘದಲ್ಲಿ, ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಬರುತ್ತವೆ. ಬಿತ್ತಿದ 25-30 ದಿನಕ್ಕೆ ನಾಟಿ, ನಾಟಿಯಾದ ಒಂದೂವರೆ-ಎರಡು ತಿಂಗಳಿಗೆ ಹೂವು ಎಂದರೆ, ನವೆಂಬರ್ ಮೊದಲ ಪಕ್ಷದಲ್ಲೇ ಟ್ರೇ ಪೇರಿಸಿರಬೇಕು. ಡಿಸೆಂಬರಿನಲ್ಲಿ ಬಿತ್ತಿದ್ದು ಯುಗಾದಿಗೆ ಸರಿಹೋಗುತ್ತದೆ.

ಟೊಮೇಟೊ 25 ದಿನಕ್ಕೆ, ಮೆಣಸಿನಕಾಯಿ 35-40 ದಿನಕ್ಕೆ ನಾಟಿಗೆ ಸಿದ್ಧ. ನಾಟಿಗೆ ವಾರ ಮುಂಚೆ ನೀರು ಕಡಿಮೆ ಮಾಡಿ ಸಸಿಯನ್ನು ಬಿಸಿಲಿಗೆ ಪಳಗಿಸಬೇಕು, ಬಲೆಯನ್ನು ಮಾತ್ರ ಕೊನೆಯ ದಿನದವರೆಗೂ ತೆಗೆಯಬಾರದು. ಸಂಜೆ ನಾಲ್ಕರ ಮೇಲೆ, ಅಡಿಕೆ ಬುಡದಿಂದ ಎರಡೂವರೆ ಅಡಿ ಬಿಟ್ಟು, ಬೇರಿನ ಉಂಡೆ ಒಡೆಯದಂತೆ ನೆಡುವುದು.