ತೂತು ಎಲ್ಲಿರಬೇಕೋ ಅಲ್ಲಿರಬೇಕು!

ಒಂಬತ್ತನೇ ತರಗತಿಯಲ್ಲಿ ದಹನಕ್ರಿಯೆಯ ಪಾಠ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಹಳೇ ಸಿನಿಮಾದಲ್ಲಿ ಸಾಹುಕಾರ್ರು ಪೈಪ್ ಸೇದ್ತಾರಲ್ಲ, ಅದೂ ಮರದ್ದೇ ಅಲ್ವಾ? ಒಳಗೆ ಬೆಂಕಿ ಇದ್ರೂ ಯಾಕೆ ಸುಡಲ್ಲ?" ಎಂದ. ತರಗತಿ ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆಂದೆ. (ಮೇಷ್ಟ್ರುಗಳ 'ನಾಳೆ' ಎಷ್ಟು ಉದ್ದವೆಂಬುದು ನಿಮಗೂ ಗೊತ್ತು.)

ಹೊಗೆಸೊಪ್ಪಿನ ಮೇಲೆ ನನಗೆ ಪ್ರೀತಿಯಿಲ್ಲ. ನಮ್ಮ ತಂದೆ ಬೀಡಿ ಸೇದಿ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡವರು. ಪೈಪು ಸೇದುವವರಿಗೂ ಆ ಅಪಾಯ ತಪ್ಪಿದ್ದಲ್ಲ. ಆದರೆ ಹುಡುಗನ ಪ್ರಶ್ನೆ ಬಿಡಬೇಕಲ್ಲ!

ಪೈಪಿಗೆ ಹೆಸರಾದ ಮರ ಬ್ರಯರ್. ಸಸ್ಯಶಾಸ್ತ್ರದ ಹೆಸರು ಎರಿಕಾ ಆರ್ಬೋರಿಯಾ. ಇಟಲಿ, ಕಾರ್ಸಿಕಾ, ಗ್ರೀಸ್ ಕಡೆಯ ಗುಡ್ಡಗಳಲ್ಲಿ ಬೆಳೆಯುವ ಪೊದೆ. ಬೇಕಾದದ್ದು ಕಾಂಡವಲ್ಲ, ಕಾಂಡಕ್ಕೂ ಬೇರಿಗೂ ನಡುವೆ ಊದಿಕೊಳ್ಳುವ ಗಂಟು. ಕಾಡುಗಿಚ್ಚಿನಲ್ಲಿ ಮೇಲಿನದೆಲ್ಲ ಬೂದಿಯಾದರೂ ಈ ಗಂಟಿನಿಂದ ಗಿಡ ಮತ್ತೆ ಚಿಗುರುತ್ತದೆ. ಅದನ್ನು ತುಂಡರಿಸಿ, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಫ್ರಾನ್ಸಿನ ಜೂರಾ ಬೆಟ್ಟಗಳ ಸ್ಯಾಂ ಕ್ಲೋದ್ ಪಟ್ಟಣದ ಮರಗೆಲಸದವರು 1850ರ ದಶಕದಿಂದ ಇದರಲ್ಲೇ ಜಗತ್ಪ್ರಸಿದ್ಧರಾದರು.

ಇಟಲಿಗೆ ಕೆಲಸದ ಮೇಲೆ ಹೋಗಿದ್ದ ತಂಗಿಯ ಮಗ ಇಂಥ ಎರಡು ತುಂಡು ತಂದುಕೊಟ್ಟ. ಎಲ್ಲ ಹೊಸಬರಂತೆ ನಾನೂ ಮೊದಲು ಅಂದಕ್ಕೇ ಕೈಹಾಕಿದೆ. ಎರಡು ಭಾನುವಾರ ಅರದಿಂದ ಉಜ್ಜಿ ದುಂಡಗೆ ಮಾಡಿ, ತೂತು ಕೊರೆಸಲು ನಮ್ಮ ಬೀದಿಯ ಆಚಾರಿಯವರ ಬಳಿ ಒಯ್ದೆ. ಅವರು ತಿರುಗಿಸಿ ನೋಡಿ, "ಅಲ್ಲ ಮೇಷ್ಟ್ರೇ, ದುಂಡಗಿರೋದನ್ನ ಎಲ್ಲಿ ಅಂತ ಹಿಡಿಯೋದು?" ಎಂದರು. ಆದರೂ ಹಟ ಮಾಡಿ ಕೊರೆಸಿದೆ. ಹೊಗೆ ಬರುವ ತೂತು ತಳಕ್ಕೆ ಸೇರುವ ಬದಲು 10 ಮಿಲಿಮೀಟರ್ ಮೇಲೆ ಬಾಯಿಬಿಟ್ಟಿತು.

ಎರಡನೆಯದಕ್ಕೆ ಬುದ್ಧಿ ಬಂದಿತ್ತು. ತುಂಡು ಚೌಕವಾಗಿರುವಾಗಲೇ ಎರಡು ಬದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ಮೊದಲು 4 ಮಿಲಿಮೀಟರಿನ ಹೊಗೆಗಂಡಿ ಕೊರೆದೆವು. ಆಮೇಲೆ ಮೇಲಿಂದ 20 ಮಿಲಿಮೀಟರ್ ಅಗಲದ ಬಟ್ಟಲು. ಸ್ವಲ್ಪ ಕೊರೆಯುವುದು, ನಿಲ್ಲಿಸಿ ಗಂಡಿಯೊಳಗೆ ಸೈಕಲ್ ಚಕ್ರದ ಕಡ್ಡಿ ತೂರಿಸಿ ನೋಡುವುದು. ಕಡ್ಡಿಯ ತುದಿ ಬಟ್ಟಲಿನ ತಳದಲ್ಲಿ ಕಂಡೊಡನೆ ಕೈ ಬಿಡುವುದು. ಆಕಾರ ಕೊಟ್ಟದ್ದು ಕೊನೆಗೆ. ಬಾಯಿತುದಿಗೆ ಪ್ರಯೋಗಾಲಯದಲ್ಲಿ ಮುರಿದುಬಿದ್ದಿದ್ದ ಎಬೊನೈಟ್ ಕಡ್ಡಿ ಒದಗಿತು. ಗಂಧಕ ಸೇರಿಸಿ ಗಟ್ಟಿಮಾಡಿದ ರಬ್ಬರ್ ಅದು, ಪೈಪಿಗೂ ಅದನ್ನೇ ಬಳಸುತ್ತಾರೆ.

ತರಗತಿಯಲ್ಲಿ ಎರಡಕ್ಕೂ ಒಣ ಎಲೆಯ ಪುಡಿ ತುಂಬಿ ಕೆಂಡ ತಾಗಿಸಿ, ರಬ್ಬರ್ ಬುರುಡೆಯಿಂದ ಹೊಗೆ ಎಳೆದೆವು. ಮೊದಲನೆಯದರ ತಳದಲ್ಲಿ ಅರ್ಧ ಪುಡಿ ಸುಡದೆ ಒದ್ದೆಯಾಗಿ ಉಳಿಯಿತು: ದಹನದಲ್ಲಿ ಹುಟ್ಟಿದ ಹಬೆ ತಣಿದು ನೀರಾಗಿತ್ತು. ಎರಡನೆಯದು ಪೂರ್ತಿ ಬೂದಿ.

ಆಮೇಲೆ ಗರಗಸದಿಂದ ಮೊದಲನೆಯದನ್ನು ಸೀಳಿದೆ. ಒಳಗೋಡೆ ತೆಳುವಾಗಿ ಕಪ್ಪಾಗಿತ್ತು. "ಸುಡಲ್ಲ ಅಂದ್ಯಲ್ಲ, ನೋಡು, ಸುಟ್ಟಿದೆ" ಎಂದೆ. ಮರ ಒತ್ತಾದದ್ದು, ಒಳಗೆ ಗಾಳಿ ಕಡಿಮೆ. ಮೇಲುಮೇಲೆ ಇದ್ದಿಲಾದ ಪದರವೇ ಶಾಖವನ್ನು ಒಳಕ್ಕೆ ಬಿಡದೆ ಮಿಕ್ಕ ಮರವನ್ನು ಕಾಯುತ್ತದೆ.

ಹುಡುಗ ಒಳ್ಳೆಯ ಪೈಪನ್ನು ತಿರುಗಿಸುತ್ತ, "ಇದನ್ನ ಯಾರು ಸೇದ್ತಾರೆ ಸಾರ್?" ಎಂದ. ಯಾರೂ ಇಲ್ಲ, ಬೀರುವಿನಲ್ಲಿಡು ಎಂದೆ.